ಅಡುಗೆಮನೆ ರಿನೋವೇಶನ್: 41,500 ಡಾಲರ್ ಕೊಟೇಶನ್ 20,000ಕ್ಕೆ ಇಳಿದದ್ದು ಹೇಗೆ?



ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ನಮ್ಮ ಕಾಂಡೋದ ಅಡುಗೆಮನೆ 8 ಅಡಿ ಅಗಲ, 9 ಅಡಿ ಉದ್ದ. ಹಳೆಯ ಕ್ಯಾಬಿನೆಟ್ ಬಾಗಿಲುಗಳು ಒಂದೊಂದಾಗಿ ಕೈಗೇ ಬರತೊಡಗಿದಾಗ ಇನ್ನು ತಳ್ಳಿಹಾಕುವಂತಿಲ್ಲ ಎನಿಸಿತು. ಕಂಟ್ರಾಕ್ಟರ್ ಒಬ್ಬರು ಬಂದು ನೋಡಿ 41,500 ಡಾಲರ್ ಎಂದರು. ಅದರಲ್ಲಿ ಶೇ. 40 ಅಡ್ವಾನ್ಸ್.

ನಮ್ಮ ತುರ್ತು ನಿಧಿಯಲ್ಲಿದ್ದದ್ದು 52,000. ತಿಂಗಳ ಖರ್ಚು, ಮನೆ ಸಾಲದ ಕಂತೂ ಸೇರಿ, ಸುಮಾರು 7,000. ನಾನಿನ್ನೂ ಎಚ್-1ಬಿ ವೀಸಾದಲ್ಲಿದ್ದೇನೆ. ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಅಡುಗೆಮನೆಗೆ 41,500 ಸುರಿದರೆ ಉಳಿಯುವ 10,500ರಲ್ಲಿ ಆ 60 ದಿನವೂ ದೂಡಲಾಗುವುದಿಲ್ಲ. ಹಾಗಾಗಿ ನಮಗೆ ಇದು ಬರೀ ಅಡುಗೆಮನೆಯ ಪ್ರಶ್ನೆಯಾಗಿರಲಿಲ್ಲ.

ಮೊದಲು ಲೆಕ್ಕ ಬಿಡಿಸಿ

ಒಟ್ಟು ಮೊತ್ತ ನೋಡಿ ಚೌಕಾಸಿ ಮಾಡಿದರೆ ಐನೂರು, ಸಾವಿರ ಇಳಿಯಬಹುದು, ಅಷ್ಟೆ. ಐಟಂವಾರು ಲೆಕ್ಕ ಕೇಳಿ ಪಡೆದೆ:

- ಸಿಂಕ್, ಸ್ಟೌವ್‌ಗಳನ್ನು ಎದುರು ಗೋಡೆಗೆ ಬದಲಿಸಲು: 13,000
- ಅಳತೆಗೆ ಮಾಡಿಸುವ ಕ್ಯಾಬಿನೆಟ್: 14,000
- ಕ್ವಾರ್ಟ್ಜ್ ಕೌಂಟರ್: 5,500
- ಫ್ರಿಜ್, ಸ್ಟೌವ್ ಇತ್ಯಾದಿ: 5,000
- ಹಳೆಯದನ್ನು ಕೀಳುವುದು, ಟೈಲ್, ಕೂಲಿ: 4,000

ಮೊದಲ ಸಾಲನ್ನು ನೋಡಿ ನನ್ನ ಹೆಂಡತಿ ಕೇಳಿದಳು: "ರೀ, ಸ್ಟೌವ್ ಆ ಕಡೆ ಇಟ್ರೆ ಸಾರು ರುಚಿ ಆಗುತ್ತಾ?" ನನ್ನ ಸ್ಪ್ರೆಡ್‌ಶೀಟ್ ಹೇಳದ್ದನ್ನು ಆ ಒಂದು ಮಾತು ಹೇಳಿತು.

ಜಾಗ ಬದಲಿಸಬೇಡಿ

ನೀರು, ಗ್ಯಾಸ್, ಹೊಗೆ ಕೊಳವೆ ಇದ್ದಲ್ಲೇ ಇದ್ದರೆ ಅರ್ಧ ಯುದ್ಧ ಗೆದ್ದಂತೆ. ಅವುಗಳನ್ನು ಸರಿಸಿದರೆ ಪ್ಲಂಬರ್, ಎಲೆಕ್ಟ್ರಿಶಿಯನ್, ಗೋಡೆ ರಿಪೇರಿ, ನೆಲ ರಿಪೇರಿ ಎಲ್ಲವೂ ಜೊತೆಗೇ ಬರುತ್ತವೆ. ಕಾಂಡೋದಲ್ಲಿ ಗೋಡೆಯೊಳಗಿನ ಕೊಳವೆಗಳು ಹಲವು ಕಡೆ ಸಾಮೂಹಿಕ ಆಸ್ತಿ. ಅಸೋಸಿಯೇಶನ್ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ. ನಾವು ಒಂದನ್ನೂ ಸರಿಸಲಿಲ್ಲ. ಪ್ಲಂಬಿಂಗ್, ವೈರಿಂಗ್‌ನ ಸಣ್ಣಪುಟ್ಟ ಕೆಲಸಕ್ಕೆ 1,800 ಆಯಿತು.

ಕ್ಯಾಬಿನೆಟ್ ಸಿದ್ಧ ಅಳತೆಯದ್ದನ್ನೇ ಕೊಂಡೆವು. ಜೋಡಿಸುವ ಕೂಲಿ ಸೇರಿ 7,200. ಕೌಂಟರ್ ಕಲ್ಲು ಕತ್ತರಿಸುವವರ ಬಳಿ ದೊಡ್ಡ ಮನೆಗಳ ಕೆಲಸದಲ್ಲಿ ಉಳಿದ ತುಂಡುಗಳಿರುತ್ತವೆ. ದೊಡ್ಡ ಅಡುಗೆಮನೆಗೆ ಅವು ಸಾಲುವುದಿಲ್ಲ, ನಮ್ಮಂಥ ಚಿಕ್ಕದಕ್ಕೆ ಸಾಕು. ಅದು 2,300ಕ್ಕೆ ಮುಗಿಯಿತು. ಫ್ರಿಜ್ ಹಳೆಯದೇ ಇರಲಿ ಎಂದೆವು. ಹೊಸ ಸ್ಟೌವ್ ಮತ್ತು ಚಿಮಣಿಗೆ 2,700. ಚಿಮಣಿಯಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಹೊಗೆಯನ್ನು ಹೊರಗೆ ಹಾಕದೆ, ಸೋಸಿ ಮತ್ತೆ ಒಳಕ್ಕೇ ಬಿಡುವ ಮಾದರಿ ನಮ್ಮ ಒಗ್ಗರಣೆಗೆ ಸಾಲದು. ಕೂಲಿ ಅದೇ 4,000, ನಗರದ ಪರ್ಮಿಟ್‌ಗೆ 600. ಒಟ್ಟು 18,600.

ಹಳೆಯ ಡಿಶ್‌ವಾಶರ್ ತೆಗೆದಾಗ ಅದರಡಿಯ ಹಲಗೆ ಕೊಳೆತಿತ್ತು. ಅದಕ್ಕೆ ಇನ್ನೂ 1,400. ಹೀಗೆ 20,000. ಗೋಡೆ, ನೆಲ ಬಿಚ್ಚುವವರೆಗೆ ಒಳಗೇನಿದೆಯೋ ಯಾರಿಗೂ ಗೊತ್ತಾಗುವುದಿಲ್ಲ. ಬಜೆಟ್‌ನ ಶೇ. 10ರಿಂದ 15ರಷ್ಟನ್ನು ಇದಕ್ಕೆಂದೇ ಎತ್ತಿಡಿ.

ಹಣ ಕೆಲಸದ ಹಿಂದೆ ಹೋಗಲಿ

ಮೊದಲಿನ ಕಂಟ್ರಾಕ್ಟರ್ ಕೇಳಿದ ಅಡ್ವಾನ್ಸ್ 16,600 ಡಾಲರ್. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಮನೆ ರಿಪೇರಿ ಗುತ್ತಿಗೆಗೆ ಅಡ್ವಾನ್ಸ್ 1,000 ಡಾಲರ್ ಅಥವಾ ಶೇ. 10, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ವಿಶೇಷ ಬಾಂಡ್ ಇಟ್ಟಿರುವವರಿಗಷ್ಟೇ ವಿನಾಯಿತಿ. ನಂತರದ ಕಂತುಗಳೂ ಆಗಿರುವ ಕೆಲಸದ ಮೌಲ್ಯವನ್ನು ದಾಟಬಾರದು. ಲೈಸೆನ್ಸ್, ಬಾಂಡ್, ಕಾರ್ಮಿಕರ ವಿಮೆ ಇವೆಯೇ ಎಂದು ರಾಜ್ಯದ ಲೈಸೆನ್ಸ್ ಮಂಡಳಿಯ ವೆಬ್‌ಸೈಟಿನಲ್ಲಿ ಐದು ನಿಮಿಷದಲ್ಲಿ ನೋಡಬಹುದು.

ಇನ್ನೊಂದು ಅಪಾಯ ನಮ್ಮವರಲ್ಲಿ ಹಲವರಿಗೆ ಗೊತ್ತಿಲ್ಲ. ನೀವು ಪೂರ್ತಿ ಹಣ ಕೊಟ್ಟಿದ್ದರೂ, ಕಂಟ್ರಾಕ್ಟರ್ ತನ್ನ ಪ್ಲಂಬರ್‌ಗೋ ಸಾಮಾನು ಕೊಟ್ಟವರಿಗೋ ಬಾಕಿ ಉಳಿಸಿದರೆ ಅವರು ನಿಮ್ಮ ಮನೆಯ ಮೇಲೆಯೇ ಲೀನ್ ಹಾಕಬಹುದು. ಪ್ರತಿ ಕಂತಿಗೂ ಲೀನ್ ಬಿಡುಗಡೆ ಪತ್ರ ಕೇಳಿ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ. ಸಹಿ ಹಾಕುವ ಮುನ್ನ ನಿಮ್ಮಲ್ಲಿ ಹೇಗೆಂದು ನೋಡಿಕೊಳ್ಳಿ.

ರಸೀದಿ ಎಸೆಯಬೇಡಿ

ಇಂಥ ಖರ್ಚು ಮನೆಯ ಕಾಸ್ಟ್ ಬೇಸಿಸ್‌ಗೆ ಸೇರುತ್ತದೆ. ಮಾರುವಾಗ, ಕಳೆದ ಐದು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷ ಆ ಮನೆಯ ಮಾಲೀಕರಾಗಿ ಅಲ್ಲೇ ವಾಸವಿದ್ದ ದಂಪತಿಗೆ ಸಾಮಾನ್ಯವಾಗಿ 5,00,000 ಡಾಲರ್‌ವರೆಗಿನ ಲಾಭಕ್ಕೆ ಫೆಡರಲ್ ತೆರಿಗೆಯಿಲ್ಲ. ಬೇ ಏರಿಯಾದಲ್ಲಿ ಬಹಳ ವರ್ಷ ಇದ್ದವರ ಲಾಭ ಅದನ್ನೂ ದಾಟುವುದುಂಟು. ಆಗ ಈ 20,000ದ ರಸೀದಿಗಳು ಕೆಲಸಕ್ಕೆ ಬರುತ್ತವೆ.

ನಿಧಿಯಲ್ಲೀಗ 32,000 ಉಳಿದಿದೆ. ಅಂದರೆ ನಾಲ್ಕೂವರೆ ತಿಂಗಳ ಖರ್ಚು. ಸ್ಟೌವ್ ಹಳೆಯ ಗೋಡೆಗೇ ಇದೆ. ಸಾರು ಮೊದಲಿನಷ್ಟೇ ರುಚಿಯಾಗಿದೆ.