ಬಿದ್ದೆದ್ದು ಹಾರಿದ ಜೇಸನ್

ಹಳೆಯ ಸಣ್ಣ ವಿಮಾನಗಳ ಬೆನ್ನುಹತ್ತುವ ಹವ್ಯಾಸಿಗಳು ಮೊದಲು ಕೇಳುವುದು ಎರಡೇ ಪ್ರಶ್ನೆ. ಯಾರ್ಯಾರ ಕೈ ದಾಟಿ ಬಂದಿದೆ? ಎಲ್ಲೆಲ್ಲಿ ಬಿದ್ದಿದೆ? ಜಿ-ಎಎಎಎಚ್ ಎಂಬ ನೋಂದಣಿಯ ಜಿಪ್ಸಿ ಮಾತ್ ವಿಮಾನದ ಮಟ್ಟಿಗೆ ಮೊದಲ ಪ್ರಶ್ನೆಗೆ ನಾಲ್ಕು ಸಾಲಿನ ಉತ್ತರ ಸಾಕು. ಎರಡನೆಯದಕ್ಕೆ ಭೂಪಟವನ್ನೇ ಬಿಚ್ಚಬೇಕು.

ಲಂಡನ್ ಪಕ್ಕದ ಸ್ಟ್ಯಾಗ್ ಲೇನ್‌ನಲ್ಲಿದ್ದ ಡಿ ಹ್ಯಾವಿಲ್ಯಾಂಡ್ ಕಾರ್ಖಾನೆಯಲ್ಲಿ 1928ರಲ್ಲಿ ಹುಟ್ಟಿದ ವಿಮಾನ ಇದು. ಮರದ ಒಡಲು, ಬಟ್ಟೆ ಹೊದಿಸಿದ ಎರಡು ಜೊತೆ ರೆಕ್ಕೆ, ಒಂದರ ಹಿಂದೊಂದು ತೆರೆದ ಆಸನ, ಮುಂದೆ 100 ಅಶ್ವಶಕ್ತಿಯ ಜಿಪ್ಸಿ ಎಂಜಿನ್. ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಸಣ್ಣ ಶೆಡ್ಡಿನಲ್ಲಿ ನಿಲ್ಲಿಸಬಹುದಿತ್ತು. ಫ್ಲೈಯಿಂಗ್ ಕ್ಲಬ್‌ಗಳೂ ಹಣವಂತ ಹವ್ಯಾಸಿಗಳೂ ಮಾತ್ ವಿಮಾನಗಳಿಗೆ ಮುಗಿಬಿದ್ದದ್ದು ಈ ಅನುಕೂಲಕ್ಕಾಗಿಯೂ ಹೌದು. ಜಿ-ಎಎಎಎಚ್ ಮೊದಲು ಇದ್ದದ್ದು ರೇಸುಗಳಲ್ಲಿ ಹೆಸರು ಮಾಡಿದ್ದ ಕ್ಯಾಪ್ಟನ್ ಡಬ್ಲ್ಯು. ಎಲ್. ಹೋಪ್ ಅವರ ಬಳಿ. ದೂರ ಹಾರುವುದಕ್ಕೆ ಬೇಕಾದ ಹೆಚ್ಚುವರಿ ಪೆಟ್ರೋಲ್ ಟ್ಯಾಂಕ್ ಅದರಲ್ಲಿ ಆಗಲೇ ಇತ್ತು. 1930ರಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡವಳಿಗೆ ಬೇಕಿದ್ದದ್ದೂ ಅದೇ.

ಆಕೆ ಏಮಿ ಜಾನ್ಸನ್, ವಯಸ್ಸು 26. ಹಲ್ ನಗರದ ಮೀನು ವ್ಯಾಪಾರಿಯ ಮಗಳು, ಲಂಡನ್ನಿನ ವಕೀಲರ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವಳು. ಬೆಲೆ 600 ಪೌಂಡ್. ಅದರಲ್ಲಿ ಒಂದು ಪಾಲು ಅಪ್ಪನದು, ಇನ್ನೊಂದು ಕ್ಯಾಸ್ಟ್ರಾಲ್ ಎಣ್ಣೆಯ ಒಡೆಯ ಲಾರ್ಡ್ ವೇಕ್‌ಫೀಲ್ಡ್‌ರದು. ವಿಮಾನಕ್ಕೆ ಕಡುಹಸಿರು ಬಣ್ಣ ಬಳಿದು, ಅದರ ಮೇಲೆ ಬೆಳ್ಳಿ ಅಕ್ಷರದಲ್ಲಿ ‘ಜೇಸನ್’ ಎಂದು ಬರೆಸಿದರು. ಗ್ರೀಕ್ ಪುರಾಣದ ವೀರನ ಹೆಸರೆಂದು ಓದುಗರು ಭಾವಿಸಿದರೆ ತಪ್ಪಿಲ್ಲ, ಆದರೆ ಅದು ಅಪ್ಪನ ಮೀನಿನ ವ್ಯಾಪಾರದ ಟ್ರೇಡ್‌ಮಾರ್ಕ್!

ಒಂಟಿಯಾಗಿ ಆಸ್ಟ್ರೇಲಿಯಾಕ್ಕೆ ಹಾರಲು ಹೊರಟ ಏಮಿಯ ಪೈಲಟ್ ಲೈಸೆನ್ಸ್‌ಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಯವರೆಗಿನ ಅವಳ ಅತಿ ದೂರದ ಪಯಣವೆಂದರೆ ಲಂಡನ್ನಿನಿಂದ ಹಲ್‌ಗೆ. ಆದರೆ ಅವಳಲ್ಲಿ ಇನ್ನೊಂದು ಲೈಸೆನ್ಸ್ ಇತ್ತು. ವಿಮಾನ ಬಿಚ್ಚಿ ಜೋಡಿಸುವ ಗ್ರೌಂಡ್ ಎಂಜಿನಿಯರ್ ಪರವಾನಗಿ ಪಡೆದ ಮೊದಲ ಬ್ರಿಟಿಷ್ ಮಹಿಳೆ ಅವಳೇ. ಮುಂದೆ ನಡೆದದ್ದನ್ನು ನೋಡಿದರೆ, ಆಸ್ಟ್ರೇಲಿಯಾ ಮುಟ್ಟಿಸಿದ್ದು ಹಾರಿಸುವ ಲೈಸೆನ್ಸಿಗಿಂತ ಈ ಗ್ರೀಸು ಮೆತ್ತಿದ ಲೈಸೆನ್ಸೇ ಎನ್ನಬೇಕು.

1930ರ ಮೇ 5ರಂದು ಕ್ರಾಯ್ಡನ್‌ನಿಂದ ಹೊರಟ ಜೇಸನ್ ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಅಲೆಪ್ಪೊ ದಾಟಿತು. ಬಾಗ್ದಾದಿನ ದಾರಿಯಲ್ಲಿ ಧೂಳಿನ ಬಿರುಗಾಳಿಗೆ ಸಿಕ್ಕಿ ಮರಳುಗಾಡಿನಲ್ಲೇ ಇಳಿಯಬೇಕಾಯಿತು. ಬಾಗ್ದಾದಿನಲ್ಲಿ ಇಳಿಯುವಾಗ ಚಕ್ರದ ಆಧಾರ ಮುರಿಯಿತು. ಹಾಗಿದ್ದೂ ಆರನೇ ದಿನಕ್ಕೆ ಕರಾಚಿ. ಅಲ್ಲಿಯವರೆಗಿನ ದಾಖಲೆಗಿಂತ ಎರಡು ದಿನ ಮುಂದೆ! ಅಲಹಾಬಾದಿಗೆಂದು ಹೊರಟವಳು ಪೆಟ್ರೋಲ್ ಸಾಲದೆ ಝಾನ್ಸಿಯ ಪೆರೇಡ್ ಮೈದಾನದಲ್ಲಿ ಇಳಿದಾಗ ವಿಮಾನ ಉರುಳುತ್ತಾ ಬ್ಯಾರಕ್‌ಗಳತ್ತ ನುಗ್ಗಿ ರೆಕ್ಕೆಗೆ ಪೆಟ್ಟಾಯಿತು. ರೆಕ್ಕೆಯನ್ನು ಅಲ್ಲೇ ಸರಿಮಾಡಿಕೊಂಡು ಕಲ್ಕತ್ತೆಗೆ ಹಾರಿದಳು.

ಅದೇ ಮೇ ತಿಂಗಳಲ್ಲಿ ಅದೇ ಆಕಾಶದಲ್ಲಿ ಇನ್ನೆರಡು ಜಿಪ್ಸಿ ಮಾತ್‌ಗಳಿದ್ದವು. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂಟಿಯಾಗಿ ಹಾರುವ ಭಾರತೀಯನಿಗೆ ಆಗಾ ಖಾನ್ ಇಟ್ಟಿದ್ದ ಬಹುಮಾನಕ್ಕಾಗಿ ಜೆ. ಆರ್. ಡಿ. ಟಾಟಾ ಕರಾಚಿಯಿಂದ ಪಶ್ಚಿಮಕ್ಕೂ, ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಪೂರ್ವಕ್ಕೂ ಹೊರಟಿದ್ದರು. ಈಜಿಪ್ಟಿನ ಅಬುಕಿರ್‌ನಲ್ಲಿ ಎದುರಾದ ಆಸ್ಪಿಗೆ ಟಾಟಾ ತಮ್ಮಲ್ಲಿದ್ದ ಸ್ಪಾರ್ಕ್ ಪ್ಲಗ್ ಕೊಟ್ಟರು. ಬಹುಮಾನ ಗೆದ್ದದ್ದು ಆಸ್ಪಿ. ಬೆಂಗಳೂರಿನ ಎಚ್‌ಎಎಲ್‌ನ ಹೊಣೆಯನ್ನೂ ಹೊತ್ತಿದ್ದ ಅವರು 1960ರಲ್ಲಿ ವಾಯುಪಡೆಯ ಮುಖ್ಯಸ್ಥರಾದರು.

ಜೇಸನ್‌ಗೆ ದೊಡ್ಡ ಪೆಟ್ಟು ಕಾದಿದ್ದದ್ದು ಆಗ ಬ್ರಿಟಿಷ್ ಇಂಡಿಯಾದ ಭಾಗವೇ ಆಗಿದ್ದ ಬರ್ಮಾದಲ್ಲಿ. ರಂಗೂನಿನ ರೇಸ್‌ಕೋರ್ಸ್ ಮೇಲೆ ಇಳಿಯಬೇಕಿತ್ತು. ಮಳೆಯ ಪರದೆಯಲ್ಲಿ ದಿಕ್ಕು ತಪ್ಪಿ ಇನ್ಸೇನ್ ಎಂಬಲ್ಲಿನ ಸರ್ಕಾರಿ ತಾಂತ್ರಿಕ ಶಾಲೆಯ ಆಟದ ಮೈದಾನದಲ್ಲಿ ಇಳಿದ ವಿಮಾನ ಅಂಚಿನ ಹಳ್ಳಕ್ಕೆ ಮೂತಿಯಿಟ್ಟಿತು. ಪ್ರೊಪೆಲರ್ ಮುರಿಯಿತು, ರೆಕ್ಕೆ ಹರಿಯಿತು, ಚಕ್ರದ ಆಧಾರ ಬಗ್ಗಿತು. ಬೀಳುವುದೇ ಆಗಿದ್ದರೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲವೇನೋ! ಮೇಷ್ಟ್ರು, ವಿದ್ಯಾರ್ಥಿಗಳು ಸೇರಿ ವರ್ಕ್‌ಶಾಪಿನಲ್ಲಿ ಮುರಿದ ಭಾಗಗಳನ್ನು ರಿಪೇರಿ ಮಾಡಿದರು. ರೆಕ್ಕೆಗೆ ತೇಪೆ ಹಾಕಲು ಸಿಕ್ಕಿದ್ದು ಮಹಾಯುದ್ಧದಲ್ಲಿ ಉಳಿದ ವಿಮಾನದ ಬಟ್ಟೆಯಿಂದ ಹೊಲಿದ ಅಂಗಿಗಳು. ಬಟ್ಟೆಯನ್ನು ಬಿಗಿಗೊಳಿಸುವ ‘ಡೋಪ್’ ಎಂಬ ಲೇಪವನ್ನು ಔಷಧ ಬೆರೆಸುವವರೊಬ್ಬರು ತಯಾರಿಸಿಕೊಟ್ಟರು. ಪ್ರೊಪೆಲರ್ ಮಾತ್ರ ಏಮಿಯ ಬಳಿಯೇ ಇತ್ತು. ಇಂಥದ್ದೇನಾದರೂ ಆದೀತೆಂದು ಇನ್ನೊಂದನ್ನು ವಿಮಾನದ ಪಕ್ಕಕ್ಕೆ ಕಟ್ಟಿಕೊಂಡೇ ಹೊರಟಿದ್ದಳು.

ಈ ದುರಸ್ತಿಯಲ್ಲಿ ಕಳೆದ ದಿನಗಳಲ್ಲಿ ದಾಖಲೆಯ ಆಸೆ ಕೈಬಿಟ್ಟುಹೋಯಿತು. ಮುಂದೆ ಜಾವಾದ ಕಬ್ಬಿನ ಎಸ್ಟೇಟೊಂದರಲ್ಲಿ ನೆಲಕ್ಕೆ ನೆಟ್ಟಿದ್ದ ಬಿದಿರಿನ ಗೂಟಗಳು ರೆಕ್ಕೆಯನ್ನು ತೂತು ಮಾಡಿದಾಗ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿಯೇ ಹಾರಿಸಬೇಕಾಯಿತು. ಮೇ 24ರಂದು ಡಾರ್ವಿನ್ ಮುಟ್ಟಿದಾಗ ಹತ್ತೊಂಬತ್ತು ದಿನ ದಾಟಿತ್ತು. ದಾಖಲೆ ಹೊಂದಿದ್ದ ಪೈಲಟ್ ಬರ್ಟ್ ಹಿಂಕ್ಲರ್ 1928ರಲ್ಲಿ ಇದೇ ಪಯಣವನ್ನು ಹದಿನಾರು ದಿನದೊಳಗೆ ಮುಗಿಸಿದ್ದ. ಆದರೂ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಂಟಿಯಾಗಿ ಹಾರಿದ ಮೊದಲ ಹೆಣ್ಣು ಎಂಬ ಹೆಸರನ್ನು ಕಿತ್ತುಕೊಳ್ಳುವವರಿರಲಿಲ್ಲ. ಪತ್ರಿಕೆಗಳು ‘ಒಂಟಿ’ ಎಂಬುದನ್ನೇ ದಪ್ಪಕ್ಷರದಲ್ಲಿ ಮೆರೆಸಿದವು. ಇನ್ಸೇನ್‌ನ ಹುಡುಗರನ್ನು ನೆನೆದವರು ಕಡಿಮೆ.

ಐದು ದಿನಗಳ ನಂತರ ಬ್ರಿಸ್ಬೇನಿನಲ್ಲಿ, ಸ್ವಾಗತಕ್ಕೆ ನೆರೆದಿದ್ದ ಜನಜಂಗುಳಿಯ ಎದುರೇ, ಜೇಸನ್ ಮೈದಾನ ದಾಟಿ ಹೋಗಿ ಆಚೆಯ ಹೊಲದಲ್ಲಿ ಮಗುಚಿ ಬಿತ್ತು. ಏಮಿಗೆ ಏನೂ ಆಗಲಿಲ್ಲ. ಸಿಡ್ನಿಗೆ ಅವಳು ಹೋದದ್ದು ಬೇರೆ ವಿಮಾನದಲ್ಲಿ, ಪ್ರಯಾಣಿಕಳಾಗಿ. ಅದನ್ನು ಹಾರಿಸುತ್ತಿದ್ದ ಪೈಲಟ್ ಜಿಮ್ ಮಾಲಿಸನ್‌ನನ್ನು 1932ರಲ್ಲಿ ಮದುವೆಯಾದಳು.

ಏಮಿಗೆ 10,000 ಪೌಂಡ್ ಕೊಟ್ಟ ಡೈಲಿ ಮೇಲ್ ಪತ್ರಿಕೆಯ ಕೈಗೇ ವಿಮಾನವೂ ಬಂತು. ಅಲ್ಲಿಂದ ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ. ಏಮಿ 1931ರಲ್ಲಿ ಟೋಕಿಯೋಗೆ ಹಾರಿದ್ದು ಪುಸ್ ಮಾತ್ ಮಾದರಿಯ ಹೊಸ ವಿಮಾನದಲ್ಲಿ. ಈ ಸಲ ಜೊತೆಗೆ ಒಬ್ಬ ಎಂಜಿನಿಯರನನ್ನೂ ಕೂರಿಸಿಕೊಂಡಿದ್ದಳು.