ಒಂದು ಗೆರೆ ಕಳಚಿದ ಚಹಾ

ಚೀನೀ ಭಾಷೆಯಲ್ಲಿ ಚಹಾದ ಅಕ್ಷರವನ್ನು ಒಂಬತ್ತು ಗೆರೆಗಳಲ್ಲಿ ಬರೆಯುತ್ತಾರೆ. ಮೊದಲು ಒಂದು ಅಡ್ಡಗೆರೆ, ಅದನ್ನು ಸೀಳುವ ಎರಡು ಗಿಡ್ಡ ಗೀಟು: ಇದು ಹುಲ್ಲು-ಸೊಪ್ಪಿನ ಗುರುತು. ಅದರ ಕೆಳಗೆ ಮನೆಯ ಮಾಡಿನಂತೆ ಎರಡೂ ಕಡೆ ಇಳಿಯುವ ಓರೆಗೆರೆಗಳು. ಕೊನೆಗೆ ಒಂದು ಅಡ್ಡ, ಒಂದು ಉದ್ದ, ಅಕ್ಕಪಕ್ಕ ಎರಡು ಚುಕ್ಕೆ. ದನಿಯನ್ನು ತುಸು ಏರಿಸಿ 'ಛಾ' ಎಂದು ಓದಬೇಕು.

ಮಾಡಿನಂಥ ಗೆರೆಗಳು 'ಮನುಷ್ಯ' ಎಂಬ ಅಕ್ಷರವನ್ನೂ, ತಳಭಾಗ 'ಮರ'ವನ್ನೂ ಹೋಲುತ್ತವೆ. ಹುಲ್ಲಿಗೂ ಮರಕ್ಕೂ ನಡುವೆ ಮನುಷ್ಯ ನಿಂತರೆ ಚಹಾ ಎಂಬ ವಿವರಣೆ ಚೀನಾದಲ್ಲೇ ಜನಪ್ರಿಯ. ನೆನಪಿಡಲು ಒಳ್ಳೆಯ ಉಪಾಯ. ಆದರೆ ಅಕ್ಷರ ಹುಟ್ಟಿದ್ದು ಹಾಗಲ್ಲ.

ಹಳೆಯ ರೂಪದಲ್ಲಿ ಹತ್ತು ಗೆರೆಗಳಿದ್ದವು. ಈಗ ಅದನ್ನು 'ಥೂ' ಎಂದು ಓದುತ್ತಾರೆ. ಅರ್ಥ, ಕಹಿ ಸೊಪ್ಪು. ಕ್ರಿ.ಶ. 100ರ ಸುಮಾರಿಗೆ ಶು ಷೆನ್ ಕಟ್ಟಿದ ನಿಘಂಟಿನಲ್ಲಿರುವುದು ಇದೇ. ಮೇಲಿನ ಹುಲ್ಲು ಅರ್ಥವನ್ನು ಹೇಳಿದರೆ, ಕೆಳಗಿನ 'ಯೂ' ಎಂಬ ಭಾಗ ಉಚ್ಚಾರಣೆಯ ಸುಳಿವು ಕೊಡುತ್ತಿತ್ತು. ಬಹುಪಾಲು ಚೀನೀ ಅಕ್ಷರಗಳ ರಚನೆ ಹೀಗೆಯೇ: ಅರ್ಧ ಅರ್ಥಕ್ಕೆ, ಅರ್ಧ ಸದ್ದಿಗೆ. ಎಲ್ಲವೂ ಚಿತ್ರವೆಂದು ನಂಬಿ ಕಲಿಯಲು ಹೊರಟವರು ಇಲ್ಲೇ ದಾರಿ ತಪ್ಪುತ್ತಾರೆ.

ಚಹಾದೆಲೆಯೂ ಕಹಿ, ಹಾಗಾಗಿ ಅದಕ್ಕೂ ಇದೇ ಅಕ್ಷರ ಸಾಕಾಗಿತ್ತು. ತಾಂಗ್ ಅರಸರ ಕಾಲದಲ್ಲಿ ಚಹಾ ಕುಡಿಯುವ ರೂಢಿ ದೇಶವೆಲ್ಲ ಹಬ್ಬಿತು, 8ನೇ ಶತಮಾನದಲ್ಲಿ ಲು ಯೂ ಚಹಾದ ಮೇಲೆಯೇ ಒಂದು ಗ್ರಂಥ ಬರೆದ. ಇಷ್ಟು ಬಳಕೆಯ ವಸ್ತುವಿಗೆ ತನ್ನದೇ ಅಕ್ಷರ ಬೇಕಾಯಿತು. ಹಳೆಯದರಿಂದ ಒಂದು ಅಡ್ಡಗೆರೆ ತೆಗೆದರು, ಅಷ್ಟೇ.

ಅದು ಯಾವಾಗ ಆಯಿತು ಎಂಬುದನ್ನು 17ನೇ ಶತಮಾನದ ವಿದ್ವಾಂಸ ಗು ಯಾನ್‌ವು ಕಲ್ಲುಗಳನ್ನು ಓದಿ ಪತ್ತೆಮಾಡಿದ. ನಮ್ಮ ಶಾಸನತಜ್ಞರು ಮೆಚ್ಚುವ ಕೆಲಸ ಅದು. ತಾಯ್‌ಶಾನ್ ಬೆಟ್ಟದಲ್ಲಿ 779 ಮತ್ತು 798ರ ಕೆತ್ತನೆಗಳಲ್ಲಿ ಅವನಿಗೆ ಹಳೆಯ ರೂಪವೇ ಸಿಕ್ಕಿತು. 841 ಮತ್ತು 855ರ ಶಾಸನಗಳಲ್ಲಿ ಒಂದು ಗೆರೆ ಕಡಿಮೆಯಾಗಿತ್ತು. 841ರ ಕಲ್ಲು ಲಿಯು ಗೊಂಗ್‌ಚುವಾನ್ ಎಂಬ ಹೆಸರಾಂತ ಲಿಪಿಕಾರನ ಕೈಬರಹದ್ದು, ಇಂದಿಗೂ ಶಿಯಾನ್ ನಗರದ ಶಿಲಾಶಾಸನ ಸಂಗ್ರಹಾಲಯದಲ್ಲಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ: ಆ ಸಾಲಿನಲ್ಲಿ ಚಹಾದ ಮಾತೇ ಇಲ್ಲ. ಬೌದ್ಧ ಭಿಕ್ಷುವೊಬ್ಬನ ದಹನಸಂಸ್ಕಾರವನ್ನು ಹೇಳಲು, ಪಾಲಿಯ 'ಝಾಪೇತಿ' ಮೂಲದ ಪದವನ್ನು ಚೀನೀ ಅಕ್ಷರಗಳಲ್ಲಿ ಬರೆಯುವಾಗ ಸದ್ದಿಗಾಗಿ ಇದನ್ನು ಬಳಸಿದ್ದರು. ಭಾರತದಿಂದ ಹೋದ ಒಂದು ಮಾತು ಚಹಾದ ಅಕ್ಷರದ ವಯಸ್ಸಿಗೆ ಸಾಕ್ಷಿ ನುಡಿಯಿತು.

ಫುಜಿಯಾನ್ ಕರಾವಳಿಯ ಜನ ಇದೇ ಅಕ್ಷರವನ್ನು 'ತೆ' ಎಂದು ಓದುತ್ತಾರೆ. ಆ ಉಚ್ಚಾರಣೆ ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ, ಇಂಗ್ಲಿಷಿನ ಮೂಲಕ ನಮಗೆ 'ಟೀ' ಆಗಿ ಬಂತು. 'ಛಾ' ಎಂಬುದು ಬೇರೆ ದಾರಿ ಹಿಡಿದು 'ಚಹಾ' ಆಯಿತು. ಧಾರವಾಡದ ಚಹಾ, ಮೈಸೂರಿನ ಟೀ ಎರಡನ್ನೂ ಚೀನಾದಲ್ಲಿ ಅದೇ ಒಂಬತ್ತು ಗೆರೆಗಳಲ್ಲಿ ಬರೆಯುತ್ತಾರೆ.