ವ್ಯವಹಾರ ವಿಶ್ಲೇಷಣೆಯಲ್ಲಿ ಕೃತಕ ಬುದ್ಧಿಮತ್ತೆ

ಒಂದು ಸಂಸ್ಥೆಯ ಕಾರ್ಯವಿಧಾನವನ್ನು ಅಧ್ಯಯನ ಮಾಡಿ, ಅದರ ಅಗತ್ಯಗಳನ್ನು ಗುರುತಿಸಿ, ತಂತ್ರಾಂಶ ರಚಿಸುವವರಿಗೆ ತಿಳಿಯುವಂತೆ ದಾಖಲಿಸುವ ವೃತ್ತಿಗೆ ವ್ಯವಹಾರ ವಿಶ್ಲೇಷಣೆ ಎಂದು ಹೆಸರು. ಈ ಕೆಲಸ ಮಾಡುವವರು ಬಿಸಿನೆಸ್ ಅನಲಿಸ್ಟ್ ಎಂದೇ ಪರಿಚಿತರು. ಕೃತಕ ಬುದ್ಧಿಮತ್ತೆಯ ಬಳಕೆ ಹೆಚ್ಚಿದಂತೆ ಈ ವೃತ್ತಿಯ ಬರವಣಿಗೆಯ ಭಾಗ ಯಂತ್ರಕ್ಕೆ ವರ್ಗವಾಗುತ್ತಿದೆ. ಸರಿಯಾದ ಪ್ರಶ್ನೆ ಕೇಳುವುದು, ದೊರೆತ ಉತ್ತರವನ್ನು ಪರಿಶೀಲಿಸುವುದು ಮತ್ತು ಅದಕ್ಕೆ ಹೊಣೆಯಾಗುವುದು ವಿಶ್ಲೇಷಕರಲ್ಲಿ ಉಳಿಯುತ್ತಿವೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಅಡಿಕೆ ವಹಿವಾಟು ಹಾಗೂ ಸಹಕಾರ ವ್ಯವಸ್ಥೆ ಈ ಬದಲಾವಣೆಯನ್ನು ಅರಿಯಲು ತಕ್ಕ ನಿದರ್ಶನಗಳಾಗಿವೆ.

ಹಿನ್ನೆಲೆ

ಗಣಕಯಂತ್ರಗಳು ಕಚೇರಿಗಳಿಗೆ ಬಂದಾಗ, ಕೆಲಸ ಬಲ್ಲವರಿಗೂ ತಂತ್ರಾಂಶ ಬರೆಯುವವರಿಗೂ ನಡುವೆ ಮಧ್ಯವರ್ತಿಯೊಬ್ಬರ ಅಗತ್ಯ ಉಂಟಾಯಿತು. ಈ ಅಗತ್ಯವೇ ಕ್ರಮೇಣ ಪ್ರತ್ಯೇಕ ವೃತ್ತಿಯಾಗಿ ಬೆಳೆಯಿತು. 2003ರಲ್ಲಿ ಕೆನಡಾದ ಟೊರಾಂಟೊದಲ್ಲಿ ಅಂತರರಾಷ್ಟ್ರೀಯ ವ್ಯವಹಾರ ವಿಶ್ಲೇಷಣಾ ಸಂಸ್ಥೆ ಸ್ಥಾಪನೆಯಾಯಿತು. ಅದು ಪ್ರಕಟಿಸುವ ‘ಬ್ಯಾಬಾಕ್’ ಎಂಬ ಕೈಪಿಡಿ ಈ ವೃತ್ತಿಯ ಆಧಾರಗ್ರಂಥವೆನಿಸಿದೆ. ಸಿಬ್ಬಂದಿಯನ್ನು ಸಂದರ್ಶಿಸುವುದು, ಸಭೆಯ ನಡಾವಳಿ ಬರೆಯುವುದು, ಕೆಲಸದ ಹಂತಗಳನ್ನು ನಕ್ಷೆಯಲ್ಲಿ ತೋರಿಸುವುದು, ಅಗತ್ಯಗಳ ಪಟ್ಟಿ ಸಿದ್ಧಪಡಿಸುವುದು ಮತ್ತು ಸಿದ್ಧವಾದ ತಂತ್ರಾಂಶವನ್ನು ಪರೀಕ್ಷಿಸುವುದು ವಿಶ್ಲೇಷಕರ ಸಾಂಪ್ರದಾಯಿಕ ಕರ್ತವ್ಯಗಳು.

ಯಂತ್ರಕ್ಕೆ ವರ್ಗವಾಗುತ್ತಿರುವ ಕೆಲಸಗಳು

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ಲಭ್ಯವಾದ ಬಳಿಕ ಭಾಷಾ ಮಾದರಿಗಳು ಕಚೇರಿ ಕೆಲಸದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು. ಸಭೆಯ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸುವುದು, ದೀರ್ಘ ದಾಖಲೆಯ ಸಾರಾಂಶ ಕೊಡುವುದು, ಅಗತ್ಯಗಳ ಕರಡು ಬರೆಯುವುದು, ಕೋಷ್ಟಕಗಳಿಂದ ವರದಿ ತಯಾರಿಸುವುದು ಮೊದಲಾದ ಕೆಲಸಗಳನ್ನು ಇವು ನಿಮಿಷಗಳಲ್ಲಿ ಮುಗಿಸುತ್ತವೆ.

ಭಾಷಾ ಮಾದರಿಯು ಅಪಾರ ಪ್ರಮಾಣದ ಬರಹವನ್ನು ಆಧರಿಸಿ, ಮುಂದೆ ಬರಬಹುದಾದ ಪದವನ್ನು ಅಂದಾಜಿಸುತ್ತ ಸಾಗುತ್ತದೆ. ಆದ್ದರಿಂದ ಹೆಚ್ಚು ಬರಹವಿರುವ ವಿಷಯಗಳಲ್ಲಿ ಅದರ ಕರಡು ಚೆನ್ನಾಗಿರುತ್ತದೆ. ಬರಹಕ್ಕೆ ಇಳಿಯದೆ ರೂಢಿಯಲ್ಲಿಯೇ ಉಳಿದಿರುವ ವಿಷಯಗಳಲ್ಲಿ ಅದು ಸಾಮಾನ್ಯ ನಿಯಮವೊಂದನ್ನು ಅಷ್ಟೇ ವಿಶ್ವಾಸದಿಂದ ಬರೆದುಬಿಡುವ ಸಾಧ್ಯತೆಯಿದೆ. ಓದುವವರಿಗೆ ಎರಡರ ವ್ಯತ್ಯಾಸ ಮೇಲ್ನೋಟಕ್ಕೆ ಕಾಣುವುದಿಲ್ಲ.

ಪುತ್ತೂರು, ಸುಳ್ಯ, ಕಡಬ: ಸ್ಥಳೀಯ ಸಂದರ್ಭ

ಈ ಪ್ರದೇಶದಲ್ಲಿ ಸಹಕಾರ ಚಳವಳಿಗೆ ದೀರ್ಘ ಇತಿಹಾಸವಿದೆ. ಮೊಳಹಳ್ಳಿ ಶಿವರಾಯರ ನೇತೃತ್ವದಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಪುತ್ತೂರಿನಲ್ಲಿ ಆರಂಭವಾಯಿತು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ 1973ರಲ್ಲಿ ಸ್ಥಾಪನೆಗೊಂಡಿತು. ಅದರ ಚಾಕೊಲೇಟ್ ಕಾರ್ಖಾನೆ 1986ರಲ್ಲಿ ಪುತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಇಂತಹ ಸಂಸ್ಥೆಗಳಿಗೆ ತಂತ್ರಾಂಶ ರೂಪಿಸುವಾಗ ವಿಶ್ಲೇಷಕರು ಎದುರಿಸಬೇಕಾದ ಕೆಲವು ಸಂಗತಿಗಳು ಹೀಗಿವೆ.

ಅಡಿಕೆಯ ದರ್ಜೆ: ಹಣ್ಣಡಿಕೆಯನ್ನು ಅಂಗಳದಲ್ಲಿ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆಗೆ ಚಾಲಿ ಎನ್ನುತ್ತಾರೆ. ಇದನ್ನು ಹೊಸ ಅಡಿಕೆ, ಸಿಂಗಲ್ ಚೋಲ್, ಡಬ್ಬಲ್ ಚೋಲ್ ಎಂದು ದಾಸ್ತಾನಿನ ಹಳತನಕ್ಕೆ ಅನುಗುಣವಾಗಿ ವಿಂಗಡಿಸುತ್ತಾರೆ. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಕೆಳದರ್ಜೆಗಳೂ ಇವೆ. ಹಳೆಯದು, ಹೊಸದು ಎಂಬ ಭೇದ ದಿನಗಳ ಲೆಕ್ಕದಿಂದಲ್ಲ, ಬೆಳೆಯ ಋತುವಿನಿಂದ ನಿರ್ಧಾರವಾಗುತ್ತದೆ. ಇದನ್ನರಿಯದ ಯಂತ್ರ ‘ಖರೀದಿಯಾಗಿ 365 ದಿನ ಕಳೆದರೆ ಹಳೆಯದು’ ಎಂಬ ನಿಯಮವನ್ನು ಕರಡಿನಲ್ಲಿ ಸೇರಿಸಬಹುದು. ದರ್ಜೆಗೆ ತಕ್ಕಂತೆ ಧಾರಣೆ ಬೇರೆಯಾಗುವುದರಿಂದ, ಇಂತಹ ಒಂದು ಸಾಲಿನ ತಪ್ಪು ಬೆಳೆಗಾರನ ಕೈಸೇರುವ ಹಣವನ್ನೇ ಬದಲಿಸುತ್ತದೆ.

ತಾಲ್ಲೂಕಿನ ಗಡಿ: 2011ರ ಜನಗಣತಿಯ ಸಮಯದಲ್ಲಿ ಕಡಬ ತಾಲ್ಲೂಕು ಅಸ್ತಿತ್ವದಲ್ಲಿರಲಿಲ್ಲ. ಅನಂತರ ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ಅದನ್ನು ರಚಿಸಲಾಯಿತು. ಹಿಂದೆ ಸುಳ್ಯ ತಾಲ್ಲೂಕಿನಲ್ಲಿದ್ದ ಸುಬ್ರಹ್ಮಣ್ಯ ಈಗ ಕಡಬ ತಾಲ್ಲೂಕಿಗೆ ಸೇರಿದೆ. ಹಳೆಯ ಮತ್ತು ಹೊಸ ಅಂಕಿ ಅಂಶಗಳನ್ನು ತಾಲ್ಲೂಕಿನ ಹೆಸರಿನಿಂದಷ್ಟೇ ಹೋಲಿಸಿದರೆ, ಪುತ್ತೂರು ಮತ್ತು ಸುಳ್ಯಗಳಲ್ಲಿ ಕೃಷಿ ಕುಸಿದಿದೆ ಎಂಬ ಸುಳ್ಳು ತೀರ್ಮಾನ ಹೊರಬೀಳುತ್ತದೆ. ಗ್ರಾಮವಾರು ಲೆಕ್ಕವನ್ನು ಹಿಡಿದು ಹೋಲಿಸುವಂತೆ ಸೂಚಿಸುವುದು ವಿಶ್ಲೇಷಕರ ಕೆಲಸ.

ಹಳದಿ ಎಲೆ ರೋಗ: ಸುಳ್ಯ ತಾಲ್ಲೂಕಿನ ಸಂಪಾಜೆ, ಅರಂತೋಡು ಮೊದಲಾದ ಕಡೆಗಳಲ್ಲಿ ಅಡಿಕೆ ಮರಗಳನ್ನು ಹಳದಿ ಎಲೆ ರೋಗ ಬಾಧಿಸಿದೆ. ರೋಗ ತಗಲಿದ ಮರ ಕೂಡಲೇ ಸಾಯುವುದಿಲ್ಲ. ಇಳುವರಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ದಾಖಲೆಯಲ್ಲಿ ಆ ಜಮೀನು ಅಡಿಕೆ ತೋಟವಾಗಿಯೇ ಇರುತ್ತದೆ. ವಿಸ್ತೀರ್ಣವನ್ನು ಮಾತ್ರ ನೋಡಿ ಫಸಲನ್ನೋ ಸಾಲ ಮರುಪಾವತಿಯನ್ನೋ ಅಂದಾಜಿಸುವ ವ್ಯವಸ್ಥೆಗೆ, ಫಲವಿಲ್ಲದ ತೋಟವೂ ತುಂಬಿದ ತೋಟದಂತೆಯೇ ತೋರುತ್ತದೆ.

ಆಡುಭಾಷೆ: ಇಲ್ಲಿನ ರೈತರೂ ಸಂಘದ ಸಿಬ್ಬಂದಿಯೂ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ ಮತ್ತು ಕೊಂಕಣಿಗಳಲ್ಲಿ ವ್ಯವಹರಿಸುತ್ತಾರೆ. ಭಾಷಾ ತಂತ್ರಜ್ಞಾನದ ಸರ್ಕಾರಿ ಯೋಜನೆಗಳು ಮುಖ್ಯವಾಗಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳನ್ನು ಕೇಂದ್ರೀಕರಿಸಿವೆ. ತುಳು, ಅರೆಭಾಷೆ, ಬ್ಯಾರಿಗಳು ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಮಾತನ್ನು ಕೇಳಿ, ಅರ್ಥಮಾಡಿಕೊಂಡು, ದಾಖಲಿಸುವ ಸ್ಥಳೀಯ ವಿಶ್ಲೇಷಕರ ಸ್ಥಾನ ಈ ಭಾಗದಲ್ಲಿ ಇನ್ನೂ ಮುಖ್ಯವಾಗಿದೆ.

ಉದ್ಯೋಗ ಮತ್ತು ತರಬೇತಿ

ಸುಳ್ಯದ ಕೆ.ವಿ.ಜಿ. ಎಂಜಿನಿಯರಿಂಗ್ ಕಾಲೇಜು ಮತ್ತು ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜುಗಳಂತಹ ವಿದ್ಯಾಸಂಸ್ಥೆಗಳಲ್ಲಿ ಕಲಿತು ಈ ವೃತ್ತಿಗೆ ಬರುವ ಯುವಜನರಿಗೆ ಈ ಬದಲಾವಣೆ ಮಹತ್ವದ್ದು. ನಡಾವಳಿ ಬರೆಯುವುದು, ಕರಡು ತಿದ್ದುವುದು ಹೊಸಬರ ಪಾಲಿನ ಕೆಲಸವಾಗಿತ್ತು. ಅದನ್ನು ಮಾಡುತ್ತಲೇ ಅವರು ವ್ಯವಹಾರದ ಒಳಹೊರಗನ್ನು ಅರಿಯುತ್ತಿದ್ದರು. ಆ ಕೆಲಸ ಯಂತ್ರದ ಪಾಲಾದರೆ ಕಲಿಕೆಯ ಮೊದಲ ಮೆಟ್ಟಿಲೇ ಇಲ್ಲವಾಗುತ್ತದೆ. ಅದರ ಬದಲಿಗೆ ಗೋದಾಮು, ಖರೀದಿ ಕೇಂದ್ರ ಮತ್ತು ಸಂಘದ ಕಚೇರಿಗಳಲ್ಲಿ ಕುಳಿತು ಕೆಲಸವನ್ನು ಪ್ರತ್ಯಕ್ಷವಾಗಿ ನೋಡುವ ತರಬೇತಿ ಅಗತ್ಯವೆನಿಸುತ್ತದೆ.

ಹೊಣೆಗಾರಿಕೆ

ಸದಸ್ಯರ ಸಾಲ, ಠೇವಣಿ ಮತ್ತು ಜಮೀನಿನ ವಿವರಗಳನ್ನು ಹೊರಗಿನ ತಂತ್ರಾಂಶಗಳಿಗೆ ನೀಡುವಾಗ ಎಚ್ಚರಿಕೆ ಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಇಂತಹ ಮಾಹಿತಿಯ ಬಳಕೆಗೆ ಸಂಬಂಧಿಸಿದ ಕಾನೂನು. ಯಂತ್ರ ಬರೆದ ಕರಡಿನಲ್ಲಿ ತಪ್ಪಿದ್ದರೆ ಅದಕ್ಕೆ ಯಂತ್ರ ಉತ್ತರ ಹೇಳಲಾರದು. ಪ್ರತಿಯೊಂದು ನಿಯಮವನ್ನೂ ಅದನ್ನು ಬಳಸುವ ಸಿಬ್ಬಂದಿಗೂ, ಅದರ ಪರಿಣಾಮಕ್ಕೆ ಒಳಗಾಗುವ ಬೆಳೆಗಾರರಿಗೂ ಓದಿ ಹೇಳಿ, ಅವರ ಒಪ್ಪಿಗೆ ಪಡೆದ ಬಳಿಕವೇ ಅಂತಿಮಗೊಳಿಸುವುದು ವಿಶ್ಲೇಷಕರ ಕರ್ತವ್ಯವಾಗಿ ಉಳಿದಿದೆ.